ನಡುಹೊಳೆಯಲ್ಲಿ ‘ರಿ’ ಇಲ್ಲ

ನನಗೊಂದು ಚಾಳಿ ಇದೆ. ಬರೆದದ್ದು ಏನು ಕಂಡರೂ ಓದದೆ ಮುಂದೆ ಹೋಗಲಾರೆ. ಅಂಗಡಿಯ ಹಲಗೆ, ಸಕ್ಕರೆ ಕಟ್ಟಿಕೊಟ್ಟ ಹಾಳೆ, ಲಾರಿಯ ಬೆನ್ನು, ಲಗ್ನಪತ್ರಿಕೆಯ ತುದಿಯಲ್ಲಿ ಇರುವೆಯಷ್ಟು ಸಣ್ಣಗಿರುವ ಛಾಪಖಾನೆಯ ಹೆಸರು, ಎಲ್ಲವೂ ಆಗಬೇಕು. ಅದರಲ್ಲೊಂದು ತಪ್ಪು ಸಿಕ್ಕಿತೋ, ಆ ದಿನ ನನಗೆ ಊಟ ಎರಡು ತುತ್ತು ಹೆಚ್ಚು ಸೇರುತ್ತದೆ. ಹೋದ ವಾರ ಪರಿಚಯದವರೊಬ್ಬರ ಹೊಸ ಮನೆಗೆ ಹೋಗಿದ್ದೆ. ಬಾಗಿಲ ಮೇಲಿನ ಕಲ್ಲಿನಲ್ಲಿ ‘ಗುರುಕೃಪ’ ಎಂದು ಇರಬೇಕಾದಲ್ಲಿ ‘ಗುರುಕೂಪ’ ಎಂದು ಕೆತ್ತಿದ್ದರು. ನಾನು ಮೆಲ್ಲಗೆ ತೋರಿಸಿದೆ. ಯಜಮಾನರ ಮುಖ ಬಾಡಿತು. “ಏನು ಮಾಡೂದ್ರಿ, ಕಾಗದ ಆಗಿದ್ರ ಹರದು ಒಗಿಬಹುದಿತ್ತು. ಕಲ್ಲಿನ ಮ್ಯಾಲಿಂದು ತಿದ್ದಾಕ ಬರ್ತೈತೇನು?” ಎಂದರು.

ಬರುತ್ತದೆ ಎಂದೆ. ನಾನು ಕಣ್ಣಾರೆ ನೋಡಿದ್ದೇನೆ. ಅದೂ ಸರ್ಕಾರದ ಕಲ್ಲು.

ಕಣ್ಣಾರೆ ಎಂದು ಹೇಳಿಬಿಟ್ಟೆ; ಆದರೆ ನನ್ನ ಕಣ್ಣಿನ ಸಾಕ್ಷಿಯನ್ನು ನೀವು ಸ್ವಲ್ಪ ಸೋಸಿಕೊಂಡೇ ತೆಗೆದುಕೊಳ್ಳಬೇಕು. ಆಗಲೇ ನನಗೆ ದಿನಚರಿ ಬರೆಯುವ ಅಭ್ಯಾಸವಿತ್ತು. ಆ ದೊಡ್ಡ ದಿನದ ಪುಟದಲ್ಲಿ ಬರೆದಿರುವುದು ಇಷ್ಟೇ: ‘ಬಿಸಿಲು ಜೋರು. ಹನುಮವ್ವನ ಮನೆಯ ಊಟ. ಮೀನು ಚೆನ್ನಾಗಿತ್ತು.’ ಅದರಲ್ಲೂ ಮೀನು ಎಂಬ ಒಂದು ಪದವನ್ನು ಮಾತ್ರ ಉರ್ದು ಲಿಪಿಯಲ್ಲಿ ಬರೆದಿದ್ದೇನೆ. ನಮ್ಮ ಮನೆಯಲ್ಲಿ ಯಾರಿಗೂ ಉರ್ದು ಬರುತ್ತಿರಲಿಲ್ಲ, ಮೀನು ತಿನ್ನುವ ಪದ್ಧತಿಯೂ ಇರಲಿಲ್ಲ. ಉಳಿದದ್ದೆಲ್ಲ ನೆನಪು. ನನ್ನ ನೆನಪಿಗೆ ಬಣ್ಣ ಹಚ್ಚುವ ಕೆಟ್ಟ ಅಭ್ಯಾಸ ಇದೆ ಎಂದು ನನ್ನ ತಮ್ಮ ಹೇಳುತ್ತಾನೆ. ಇರಬಹುದು. ಆದರೆ ಬಣ್ಣ ಹಚ್ಚಲಿಕ್ಕಾದರೂ ಗೋಡೆ ಇರಬೇಕಲ್ಲ.

ನಮ್ಮ ಊರು ಗಂಗಾವತಿ ಕಡೆಯದು. ಮರಳಿಯ ಗದ್ದೆಗಳನ್ನು ದಾಟಿ ತೆಂಕಣಕ್ಕೆ ನಡೆದರೆ ತುಂಗಭದ್ರೆ ಎರಡಾಗಿ ಸೀಳಿ ನಡುವೆ ಒಂದು ಗಡ್ಡೆಯನ್ನು ಬಿಟ್ಟಿದ್ದಾಳೆ. ಊರು ಆ ಗಡ್ಡೆಯ ಮೇಲೆ. ಬೇಸಿಗೆಯಲ್ಲಿ ಬಂಡೆಯಿಂದ ಬಂಡೆಗೆ ಜಿಗಿಯುತ್ತ ಹೊಳೆ ದಾಟಬಹುದು. ಉಳಿದ ಕಾಲಕ್ಕೆಲ್ಲ ಹರಿಗೋಲೇ ಗತಿ. ಬಿದಿರು ಹೆಣೆದು ಚರ್ಮ ಹೊದಿಸಿದ ದೊಡ್ಡ ದುಂಡು ಬುಟ್ಟಿ ಅದು. ಎಮ್ಮೆ, ಭತ್ತದ ಮೂಟೆ, ಮದುಮಗಳು, ತಹಶೀಲ್ದಾರ, ಎಲ್ಲರೂ ಅದರಲ್ಲೇ ಬರಬೇಕು. ಹಸಿ ಚರ್ಮದ ವಾಸನೆ ಮೂಗಿಗೆ ಬಿದ್ದರೆ ಈಗಲೂ ನನಗೆ ಊರಿಗೆ ಹೊರಟಂತೆ ಅನಿಸುತ್ತದೆ. ಬೇರೆಯವರು ಮೂಗು ಮುಚ್ಚಿಕೊಳ್ಳುತ್ತಾರೆ.

ಈ ಹರಿಗೋಲಿನಲ್ಲಿ ಒಂದು ಪದ್ಧತಿ ಇತ್ತು. ನಮ್ಮ ಸೀಮೆಯ ಮಾತು ನಿಮಗೆ ಗೊತ್ತಲ್ಲ, ‘ರಿ’ ಇಲ್ಲದೆ ನಮ್ಮ ನಾಲಿಗೆ ಮಡಚುವುದೇ ಇಲ್ಲ. ಬರ್ರಿ, ಕೂಡ್ರಿ, ಹೌದ್ರಿ, ಇಲ್ರಿ. ಬೈಯುವಾಗಲೂ ಒಂದು ‘ರಿ’ ಸೇರಿಸಿ ಬೈಯುವ ಜನ ನಾವು. ಅಂಬಿಗರೂ ದಂಡೆಯ ಮೇಲೆ ಎಲ್ಲರಿಗೂ ‘ರಿ’ ಹಚ್ಚುತ್ತಿದ್ದರು. ಹರಿಗೋಲು ದಂಡೆ ಬಿಟ್ಟಿತೋ, ‘ರಿ’ ಹೋಯಿತು. ಒಮ್ಮೆ ಕುಕನೂರಿನ ಅರಿವೆ ವ್ಯಾಪಾರಿಯೊಬ್ಬರು ನಮ್ಮ ಜೊತೆ ದಾಟುತ್ತಿದ್ದರು. ಒಣಭೂಮಿಯ ಮನುಷ್ಯ, ಅಷ್ಟು ನೀರನ್ನು ಒಟ್ಟಿಗೆ ನೋಡಿದವರಲ್ಲ. ದಂಡೆಯಲ್ಲಿ ಅಂಬಿಗ ಅವರಿಗೆ “ಬರ್ರಿ ಸಾವ್ಕಾರ್ರ, ಕಾಲು ಜ್ವಾಕಿರಿ” ಎಂದು ಕೈಹಿಡಿದು ಹತ್ತಿಸಿದ. ನಾಲ್ಕು ಮಾರು ನೀರಿಗೆ ಹೋದ ಮೇಲೆ ಅದೇ ಬಾಯಿಂದ “ಏ, ನಡುವ ಕುಂಡ್ರು. ಅಳ್ಳಾಡಬ್ಯಾಡ” ಎಂದ. ಸಾವ್ಕಾರರು ಗಾಬರಿಯಿಂದ ಕೂತರು, ಆಮೇಲೆ ಅವಮಾನದಿಂದ ಎದ್ದರು, ಎದ್ದದ್ದಕ್ಕೆ ಇನ್ನೊಮ್ಮೆ ಬೈಸಿಕೊಂಡು ಕೂತರು. ಆಚೆ ದಂಡೆ ಮುಟ್ಟಿದ ಕೂಡಲೇ “ಇಳೀರಿ ಸಾವ್ಕಾರ್ರ” ಎಂದು ‘ರಿ’ ಮರಳಿ ಬಂತು.

ಇದಕ್ಕೆ ನಮ್ಮ ಅಜ್ಜಿ ಕೊಡುತ್ತಿದ್ದ ಕಾರಣ ಸರಳವಾಗಿತ್ತು. ಸುಳಿ ಎದುರಾದಾಗ “ಸಾಹೇಬ್ರ, ದಯಮಾಡಿ ಸ್ವಲ್ಪ ಈ ಕಡಿ ಸರೀತೀರೇನ್ರಿ” ಎನ್ನುವಷ್ಟರಲ್ಲಿ ಹರಿಗೋಲು ಬೋರಲು ಬಿದ್ದಿರುತ್ತದೆ. ನೀರಿನ ಮೇಲೆ ಹುಟ್ಟು ಹಿಡಿದವನೇ ದೊಡ್ಡವನು. ನನ್ನ ತಮ್ಮನ ಪ್ರಕಾರ ಇದು ಪದ್ಧತಿಯೂ ಅಲ್ಲ ಏನೂ ಅಲ್ಲ, ನಮ್ಮ ಊರಿನ ಅಂಬಿಗರು ಸ್ವಲ್ಪ ಸಿಡುಕು ಸ್ವಭಾವದವರು, ಅಷ್ಟೇ. ನನಗೂ ಒಮ್ಮೊಮ್ಮೆ ಅನುಮಾನ ಬರುತ್ತದೆ. ಆದರೆ ಅಂದು ನಡೆದದ್ದು ಈ ಪದ್ಧತಿ ಇಲ್ಲದಿದ್ದರೆ ನಡೆಯುತ್ತಿರಲಿಲ್ಲ. ಆದ್ದರಿಂದ ಇತ್ತು ಎಂದೇ ಇಟ್ಟುಕೊಳ್ಳುತ್ತೇನೆ.

ಎರಡನೆಯ ಮಹಾಯುದ್ಧದ ಕಾಲದಲ್ಲಿ ಫೌಜಿನವರು ನಮ್ಮ ದಂಡೆಗೆ ಬಂದಿದ್ದರು. ಅವರಿಗೆ ಬಂದೂಕು ಹಿಡಿಯುವವರು ಬೇಕಿರಲಿಲ್ಲ, ಹೊಳೆಯ ಗುಣ ತಿಳಿದವರು ಬೇಕಿತ್ತು. ಯುದ್ಧ ನಡೆದಿದ್ದ ದೂರದ ಮೂಡಲ ಸೀಮೆಯಲ್ಲಿ ದಾರಿಗಳೇ ಇಲ್ಲವಂತೆ, ಅಕ್ಕಿ, ಔಷಧ, ಗಾಯಾಳುಗಳು ಎಲ್ಲವೂ ಹೊಳೆಯ ಮೇಲೇ ಸಾಗಬೇಕಂತೆ. ನಮ್ಮ ಊರಿನಿಂದ ಮೂವರು ಹೋದರು. ಯಂಕೋಬ, ದುರುಗಪ್ಪ, ಖಾಸೀಮ. ಯಂಕೋಬ ಅಂಬಿಗರ ಹನುಮವ್ವನ ಒಬ್ಬನೇ ತಮ್ಮ. ದುರುಗಪ್ಪನಿಗೆ ಹಿಂದೆ ಮುಂದೆ ಯಾರೂ ಇರಲಿಲ್ಲ. ಯಾರ ಮನೆಯಲ್ಲಿ ರೊಟ್ಟಿ ಬಡಿಯುವ ಸದ್ದು ಕೇಳಿದರೆ ಅಲ್ಲಿ ಕೂತು ಉಂಡು ಬೆಳೆದವನು. ಖಾಸೀಮ ನಮ್ಮ ಊರಿನ ಮುಲ್ಲಾ ಇಮಾಮಸಾಬರ ಮಗ. ಅಪ್ಪನ ಜೊತೆ ಜಗಳವಾಡಿ ಯಂಕೋಬನ ಹತ್ತಿರ ಹುಟ್ಟು ಹಾಕಲು ಕಲಿತಿದ್ದ.

ಮೂವರೂ ತಿರುಗಿ ಬರಲಿಲ್ಲ. ಒಂದೇ ದೋಣಿಯಲ್ಲಿದ್ದರು ಎಂದು ಕೆಲವರು, ಬೇರೆ ಬೇರೆ ಎಂದು ಕೆಲವರು. ಮೇಲಿಂದ ಬಾಂಬು ಬಿತ್ತು ಎಂದೂ ಹೊಳೆಗೆ ಮಹಾಪೂರ ಬಂತು ಎಂದೂ ಕೇಳಿದ್ದೇನೆ. ಊರಿಗೆ ಬಂದದ್ದು ಸುದ್ದಿ ಮಾತ್ರ. ಮಣ್ಣು ಮಾಡಲು ಏನೂ ಬರಲಿಲ್ಲ. ಯಂಕೋಬ ಹೋದಂದಿನಿಂದ ಹನುಮವ್ವ ಹರಿಗೋಲು ನಡೆಸುತ್ತಿದ್ದಳು. ಹೆಂಗಸು ಹುಟ್ಟು ಹಿಡಿಯುವುದುಂಟೇ ಎಂದು ಮೊದಮೊದಲು ಜನ ನಕ್ಕರು. ನಕ್ಕವರೂ ದಾಟಲೇಬೇಕಿತ್ತು, ಆದ್ದರಿಂದ ನಗು ಬೇಗ ನಿಂತಿತು.

ಯುದ್ಧ ಮುಗಿದ ಮರುವರ್ಷ ದಂಡೆಯ ಮೇಲೆ ಅವರ ಹೆಸರಿನಲ್ಲಿ ಒಂದು ಕಲ್ಲು ನಿಲ್ಲಿಸಬೇಕೆಂದು ಸರ್ಕಾರದಿಂದ ಹುಕುಂ ಬಂತು. ಆಗ ನಮ್ಮ ಸೀಮೆಯ ಕಚೇರಿಗಳ ಭಾಷೆ ಉರ್ದು. ಕನಕಗಿರಿಯ ಕಲ್ಲುಕುಟಿಗ ಈರಪ್ಪ ಕೆತ್ತಿದ. ಆಳೆತ್ತರದ ಕರಿಯ ಕಲ್ಲನ್ನು ಹುಲ್ಲಿನ ಮೇಲೆ ಬೋರಲು ಮಲಗಿಸಿ ಹನುಮವ್ವನೇ ಹೊಳೆ ದಾಟಿಸಿದಳು. ನಾನು ಆಗ ಹೈದರಾಬಾದಿನಲ್ಲಿ ಬಿ.ಎ. ಓದುತ್ತಿದ್ದೆ, ದಸರಾ ರಜೆಗೆ ಬಂದಿದ್ದೆ. ಮೈಮೇಲೆ ಶೇರವಾನಿ, ಜೇಬಿನಲ್ಲಿ ಮಸಿ ಸೋರುವ ಪೆನ್ನು. ಕಲ್ಲನ್ನು ನಿಲ್ಲಿಸಿದ ಸಂಜೆ ಹನುಮವ್ವ ನನ್ನನ್ನು ಕರೆಸಿದಳು.

“ತಮ್ಮಾ, ನೀ ಎಲ್ಲಾ ಓದೀಯಂತ. ಇದನ್ನಷ್ಟು ಓದು.”

ದಂಡೆಯ ತುಂಬ ಜನ. ಮೊದಲು ಮೇಲಿನ ಉರ್ದು ಸಾಲುಗಳನ್ನು ರಾಗವಾಗಿ ಓದಿದೆ. ಅರ್ಥವಾದವರು ಇಬ್ಬರೋ ಮೂವರೋ, ತಲೆದೂಗಿದವರು ಎಲ್ಲರೂ. ಆಮೇಲೆ ಕೆಳಗಿನ ಕನ್ನಡ ಓದಿದೆ. “ಮುಲ್ಲಾ ಯಂಕೋಬ. ಮುಲ್ಲಾ ದುರುಗಪ್ಪ. ಮುಲ್ಲಾ ಖಾಸೀಮ.”

ಹಿಂದಿನಿಂದ ಯಾರೋ ಕಿಸಕ್ಕೆಂದು ನಕ್ಕರು. ಹನುಮವ್ವ ಇನ್ನೊಮ್ಮೆ ಓದು ಎಂದಳು, ಓದಿದೆ. ಕಲ್ಲು ಅದನ್ನೇ ಹೇಳಿತು.

“ಅಂಬಿಗ ಅನ್ನೂದು ಎಲ್ಲೈತಿ?”

“ಎಲ್ಲೂ ಇಲ್ಲ ಅಕ್ಕಾ.”

ತಪ್ಪು ಹೇಗಾಯಿತೆಂದು ನನಗೆ ಹೊಳೆಯಿತು, ಆದರೆ ಹೊಳೆದದ್ದರಿಂದ ಯಾರಿಗೂ ಉಪಯೋಗವಾಗಲಿಲ್ಲ. ಉರ್ದುವಿನಲ್ಲಿ ಅಂಬಿಗನಿಗೆ ಮಲ್ಲಾಹ್ ಎನ್ನುತ್ತಾರೆ. ಆ ಲಿಪಿಯಲ್ಲಿ ‘ಮ’ಕ್ಕೂ ‘ಮು’ವಿಗೂ ಬರಹದಲ್ಲಿ ಭೇದ ಕಾಣುವುದಿಲ್ಲ, ಓದುವವನೇ ತಿಳಿದುಕೊಳ್ಳಬೇಕು. ಕೊನೆಯ ಅಕ್ಷರವೊಂದು ಅವಸರದ ಬರಹದಲ್ಲಿ ಮಾಯವಾದರೆ ಮಲ್ಲಾಹ್ ಹೋಗಿ ಮುಲ್ಲಾ ಆಗುತ್ತಾನೆ. ಯಾರೋ ಅವಸರದಲ್ಲಿ ಬರೆದರು, ಇನ್ಯಾರೋ ಅವಸರದಲ್ಲಿ ಕನ್ನಡ ಮಾಡಿದರು, ಈರಪ್ಪ ಮಾತ್ರ ಸಾವಕಾಶವಾಗಿ ಕೆತ್ತಿದ. ಕಲ್ಲಿನ ಮೇಲಿನ ಉರ್ದು ಸರಿಯಾಗಿಯೇ ಇತ್ತು. ಕೆಟ್ಟದ್ದು ಕನ್ನಡ.

ಇಮಾಮಸಾಬರು ಗಡ್ಡ ನೀವಿಕೊಂಡು, ಇಡೀ ಊರಿಗೆ ನಾನೊಬ್ಬ ಮುಲ್ಲಾ ಇದ್ದಾಗಲೇ ಕುರಿ ಕೊಯ್ಯಲು ಕರೆಯುವವರಿಲ್ಲ, ಈಗ ನಾಲ್ಕು ಮಂದಿ ಆದೆವು, ಹೊಟ್ಟೆಗೇನು ತಿನ್ನಲಿ ಎಂದರು. ಎಲ್ಲರೂ ನಕ್ಕರು. ಹನುಮವ್ವ ನಗಲಿಲ್ಲ. ಕಲ್ಲಿನ ಮೇಲೆ ಕೈಯಿಟ್ಟು ನಿಂತಿದ್ದಳು.

“ಅಂವ ನೀರಾಗ ಹೋದ. ಅಂಬಿಗ ಆಗಿ ಹೋದ. ನನಗ ಅವನ ಎಲುವು ಸೈತ ಬರಲಿಲ್ಲ, ಈ ಕಲ್ಲೊಂದು ಬಂದೈತಿ. ಇದರಾಗೂ ಅಂವ ಇಲ್ಲಂದ್ರ ಎಲ್ಲಿ ಹುಡುಕಲಿ?”

ಮರುದಿನದಿಂದ ನಮ್ಮ ಅರಿಕೆಗಳು ಸುರುವಾದವು. ಈರಪ್ಪ ತಿದ್ದಲು ತಯಾರಿದ್ದ, ಆದರೆ ಹುಕುಂ ಇಲ್ಲದೆ ಸರ್ಕಾರದ ಕಲ್ಲಿಗೆ ಉಳಿ ಮುಟ್ಟಿಸಲಾರೆ ಎಂದ. ಹುಕುಂ ಕೊಡಬೇಕಾದವರು ತಹಶೀಲ್ದಾರ ಸಾಹೇಬರು. ಎತ್ತರದ, ನಿಧಾನಸ್ಥ ಮನುಷ್ಯ. ನಾವು ಕಚೇರಿಗೆ ಹೋಗಿ ಕೈಮುಗಿದು ನಿಂತು, “ತಪ್ಪು ತಿಳೀಬ್ಯಾಡ್ರಿ, ತಮ್ಮಂಥೋರ ಮುಂದ ನಾವೇನ್ರಿ, ಸಣ್ಣದೊಂದು ವಿಷಯ ಐತ್ರಿ” ಎಂದು ಸುರು ಮಾಡಿದೆವು. ಸಾಹೇಬರು ಉರ್ದು ನಕಲು ನೋಡಿ, ಮಲ್ಲಾಹ್ ಎಂದೇ ಇದೆಯಲ್ಲ, ಸರಿಯಾಗಿದೆ ಎಂದರು. ಕನ್ನಡದಲ್ಲಿ ಬೇರೆ ಆಗಿದೆ ಎಂದು ಹೇಳುವಷ್ಟರಲ್ಲಿ ‘ನೋಡೋಣ’ ಎಂದು ಎದ್ದರು. ಮತ್ತೆ ಹೋದೆವು, ಮತ್ತೆ ನೋಡೋಣ. ಈಗ ಯೋಚಿಸಿದರೆ ತಪ್ಪು ಅವರದೊಂದೇ ಅಲ್ಲ. ನಾವು ಕೇಳಿದ್ದು ಒಂದು ಹಿಡಿ, ಅದಕ್ಕೆ ಸುತ್ತಿದ ‘ರಿ’ ಒಂದು ಮೂಟೆ. ಬಿಚ್ಚುವ ವ್ಯವಧಾನ ಯಾವ ಸಾಹೇಬರಿಗೆ ಇರುತ್ತದೆ? ಅದರಲ್ಲೂ ನಾನು ಉರ್ದುವಿನಲ್ಲಿ ಮಾಡಿದ ಭಾಷಣದ ಮೊದಲರ್ಧ ಬರೀ ಸಾಹೇಬರ ಹೊಗಳಿಕೆಯಾಗಿತ್ತು. ಎರಡನೆಯ ಅರ್ಧಕ್ಕೆ ಬರುವ ಮೊದಲೇ ಅವರು ಊಟಕ್ಕೆ ಎದ್ದಿದ್ದರು.

ಹೀಗೆ ಬಟ್ಟೆ ಹೊದಿಸಿಟ್ಟಿದ್ದ ಕಲ್ಲಿನ ಮುಸುಕನ್ನು ಸಾಹೇಬರು ಬಂದು ತೆಗೆಯುವ ದಿನ ಬಂದೇಬಿಟ್ಟಿತು. ಸಾಹೇಬರನ್ನು ಎದುರುಗೊಳ್ಳಲು ನಾನೂ ಇಮಾಮಸಾಬರೂ ಆಚೆ ದಂಡೆಗೆ ಹೋದೆವು. ಹನುಮವ್ವ ಹರಿಗೋಲಿಗೆ ಹೊಸ ಚಾಪೆ ಹಾಸಿ, “ಬರ್ರಿ ಸಾಹೇಬ್ರ, ಇಲ್ಲಿ ಕಾಲಿಡ್ರಿ” ಎಂದು ಹತ್ತಿಸಿಕೊಂಡಳು. ಸಾಹೇಬರ ಹಿಂದೆ ಅವರ ಪೇಶಕಾರರು, ಅಂದರೆ ಕಚೇರಿಯ ಹಿರಿಯ ಗುಮಾಸ್ತರು, ಹತ್ತಿ ಕೂತರು. ಹರಿಗೋಲು ದಂಡೆ ಬಿಟ್ಟಿತು. ನೀರು ಶಾಂತವಾಗಿತ್ತು.

ನಡುಹೊಳೆಗೆ ಬಂದ ಮೇಲೆ ಹನುಮವ್ವ ಹುಟ್ಟನ್ನು ಮೇಲೆತ್ತಿ ತೊಡೆಯ ಮೇಲೆ ಅಡ್ಡ ಇಟ್ಟುಕೊಂಡಳು. ಹರಿಗೋಲು ನಿಧಾನವಾಗಿ ತಿರುಗತೊಡಗಿತು.

“ಸಾಹೇಬಾ,” ಎಂದಳು. “ನಿನ್ನ ಕಲ್ಲು ನನ್ನ ತಮ್ಮನ್ನ ಮುಲ್ಲಾ ಅಂತೈತಿ. ಅಂವ ಅಂಬಿಗ. ತಿದ್ದಸ್ತೀಯೋ ಇಲ್ಲೋ?”

ಸಾಹೇಬರಿಗೆ ಕನ್ನಡ ಅಷ್ಟಿಷ್ಟು ತಿಳಿಯುತ್ತಿತ್ತು. ಆದರೂ ಅನುವಾದಕ್ಕೆಂದು ನನ್ನ ಕಡೆ ನೋಡಿದರು. ನಾನು ಗಂಟಲು ಸರಿಪಡಿಸಿಕೊಂಡು, ಹುಜೂರರ ಕೃಪಾದೃಷ್ಟಿ ಈ ಬಡವರ ಮೇಲೆ ಸದಾ ಇರುವುದರಿಂದ ಎಂದು ಉರ್ದುವಿನಲ್ಲಿ ಸುರು ಮಾಡಿದೆ.

ಹನುಮವ್ವ ನನ್ನನ್ನು ತಡೆದಳು. “ನಾ ಹೇಳಿದ್ದು ಇಷ್ಟ ಐತಿ. ನೀ ಯಾಕ ಅಷ್ಟುದ್ದ ಎಳ್ಯಾಕತ್ತಿ? ಅಲ್ಲೂ ರಿ ಹಚ್ಚೀಯೇನು? ತಗಿ ಅದನ್ನ.”

ತೆಗೆದೆ. ಜೀವನದಲ್ಲಿ ಮೊದಲ ಸಲ, ಬಹುಶಃ ಕೊನೆಯ ಸಲವೂ, ಒಬ್ಬ ತಹಶೀಲ್ದಾರರಿಗೆ ಬರಿಯ ಮಾತು ಹೇಳಿದೆ. ಕನ್ನಡದಲ್ಲಿ ಮುಲ್ಲಾ ಎಂದಿದೆ. ಅವರು ಅಂಬಿಗರು. ಈಕೆ ತಿದ್ದಲು ಹೇಳುತ್ತಿದ್ದಾಳೆ. ಇಷ್ಟೇ. ಎಷ್ಟು ಸಣ್ಣ ಮಾತು ಅದು, ನನಗೇ ಆಶ್ಚರ್ಯವಾಯಿತು.

ಹರಿಗೋಲು ತಿರುಗುತ್ತಲೇ ಇತ್ತು. ಒಮ್ಮೆ ನಮ್ಮ ಊರು, ಮುಸುಕು ಹೊದ್ದ ಕಲ್ಲು, ಕಾದು ನಿಂತ ಜನ ಕಾಣುತ್ತಿದ್ದರು, ಇನ್ನೊಮ್ಮೆ ಹಿಂದಿನ ದಂಡೆಯ ಬಂಡೆಗುಡ್ಡ. ಸಾಹೇಬರು ಸುತ್ತು ಬಂದಂತೆಲ್ಲ ಕಲ್ಲನ್ನೇ ನೋಡುತ್ತಿದ್ದರು. ಪೇಶಕಾರರು ಅವರ ಕಿವಿಯಲ್ಲಿ ಏನೋ ಹೇಳಿ, ನಮ್ಮ ಕಡೆ ತಿರುಗಿ, ಉಳಿದ ಇಬ್ಬರದು ಬೇಕಾದರೆ ತಿದ್ದಿಸೋಣ, ಖಾಸೀಮ ಹೇಗೂ ಮುಲ್ಲಾನ ಮಗ, ಅವನದು ಹಾಗೇ ಇರಲಿ, ಕೆಲಸ ಕಡಿಮೆಯಾಗುತ್ತದೆ ಎಂದರು. ನನಗೂ ಅದು ನ್ಯಾಯವಾಗಿಯೇ ಕಂಡಿತು.

ಇಮಾಮಸಾಬರು ಪೇಶಕಾರರ ಕಡೆ ತಿರುಗಿದರು.

“ಬ್ಯಾಡ,” ಎಂದರು. “ಹುಟ್ಟು ಬಿಡು, ಮಸೂತಿಗೆ ಬಾ ಅಂತ ನಾ ಅವಗ ಭಾಳ ಬೈದೀನಿ. ಅಂವ ಬರಲಿಲ್ಲ. ಜೀವಂತ ಇದ್ದಾಗ ನನ್ನ ಮಾತು ಕೇಳದಾಂವನ್ನ ಸತ್ತ ಮ್ಯಾಲೆ ಹಿಡದು ಮುಲ್ಲಾ ಮಾಡೂದು ಬ್ಯಾಡ. ಅಂವ ಅಂಬಿಗ.”

ಅವರೂ ‘ರಿ’ ಹಚ್ಚಲಿಲ್ಲ. ಪದ್ಧತಿಯಿಂದಲೋ ದುಃಖದಿಂದಲೋ ನನಗೆ ಗೊತ್ತಿಲ್ಲ.

ಸಾಹೇಬರು ಟೋಪಿ ತೆಗೆದು ತೊಡೆಯ ಮೇಲಿಟ್ಟುಕೊಂಡರು. ಬೋಳುತಲೆ ಬಿಸಿಲಿಗೆ ಮಿನುಗಿತು. ಆಮೇಲೆ ಹನುಮವ್ವನ ಕಡೆ ನೋಡಿ, ತಮಗೆ ಬರುವಷ್ಟು ಕನ್ನಡದಲ್ಲಿ, “ಮೂರೂ ತಿದ್ದು,” ಎಂದರು. “ಇವತ್ತೇ ತಿದ್ದು. ನಾನು ಕೂಡ್ತೀನಿ.”

ಹನುಮವ್ವ ಹುಟ್ಟನ್ನು ನೀರಿಗಿಳಿಸಿದಳು. ಅಷ್ಟು ಬೇಗ ಆ ಹೊಳೆಯನ್ನು ನಾನು ಎಂದೂ ದಾಟಿಲ್ಲ.

ಅವಳ ಹೆದರಿಕೆಯೂ ನನ್ನ ಹೆದರಿಕೆಯೂ ಒಂದೇ ಇತ್ತು ಎಂದು ಆಮೇಲೆ ತಿಳಿಯಿತು: ನೀರಿನ ಮೇಲೆ ಕೊಟ್ಟ ಹುಕುಂ ನೆಲದ ಮೇಲೆ ನಡೆಯುತ್ತದೆಯೇ? ನಡೆಯಿತು. ಸಾಹೇಬರು ದಂಡೆಗೆ ಇಳಿದವರೇ ಈರಪ್ಪನನ್ನು ಕರೆಸಿ, ಸೇರಿದ್ದ ಜನರೆದುರಿಗೆ ಇನ್ನೊಮ್ಮೆ ಹೇಳಿದರು. ಕೆತ್ತಿದ ಅಕ್ಷರವನ್ನು ಅಳಿಸುವುದು ಹೇಗೆ ಎಂದು ನಾನು ಯೋಚಿಸುತ್ತಿದ್ದೆ. ಈರಪ್ಪ ಅಳಿಸಲಿಲ್ಲ, ಇಳಿಸಿದ. ಮುಲ್ಲಾ ಎಂದಿದ್ದಷ್ಟು ಜಾಗವನ್ನು ಬೆರಳು ಮುಳುಗುವಷ್ಟು ಆಳಕ್ಕೆ ಕಡಿದು ತಗ್ಗು ಮಾಡಿದ, ಆ ತಗ್ಗಿನ ತಳದಲ್ಲಿ ಅಂಬಿಗ ಎಂದು ಕೆತ್ತತೊಡಗಿದ. ಒಂದಲ್ಲ, ಮೂರು ಕಡೆ.

ಅದು ಗಳಿಗೆಯ ಕೆಲಸವಲ್ಲ. ಸಾಹೇಬರು ಬೇವಿನ ಮರದಡಿ ಕುರ್ಚಿ ಹಾಕಿಸಿ ಕೂತರು. ನಮ್ಮ ಊರಿನ ಹಿರಿಯರು ಸಾಹೇಬರ ಅಂಗಳದಲ್ಲಿ ಕಾದು ಕೂತದ್ದಕ್ಕೆ ಲೆಕ್ಕವೇ ಇಲ್ಲ. ಆವತ್ತು ಸರ್ಕಾರ ನಮ್ಮ ಅಂಗಳದಲ್ಲಿ ಕಾದು ಕೂತಿತು, ಒಂದು ಪದಕ್ಕಾಗಿ. ಜನ ಬಂದು ಬಂದು ಆ ನೋಟವನ್ನು ನೋಡಿ ಹೋದರು. ಮಕ್ಕಳನ್ನು ಹೆಗಲ ಮೇಲೆ ಕೂರಿಸಿಕೊಂಡು ತೋರಿಸಿದರು. ಮಧ್ಯಾಹ್ನ ಹನುಮವ್ವನ ಮನೆಯಿಂದ ಜೋಳದ ರೊಟ್ಟಿ, ಮೀನಿನ ಸಾರು ಬಂತು. ಸಾಹೇಬರು ಬೆರಳು ನೆಕ್ಕಿಕೊಂಡು ಉಂಡರು. ನಾನು ಉಂಡದ್ದು ದಿನಚರಿಯಲ್ಲಿ ದಾಖಲಾಗಿದೆ. ಉಳಿಯ ಸದ್ದು ಕೇಳಿ ಮೇಲಿನ ಊರುಗಳ ಅಂಬಿಗರೂ ಹರಿಗೋಲು ತಂದು ನಮ್ಮ ದಂಡೆಗೆ ಕಟ್ಟಿದರು. ಸುದ್ದಿ ಕೇಳಿ ಬಂದರು ಎನ್ನುವುದು ಹೆಚ್ಚು ಸರಿ, ಉಳಿಯ ಸದ್ದು ಅಷ್ಟು ದೂರ ಹೋಗಲಾರದು. ನೋಡಿ, ನನ್ನ ತಮ್ಮ ಹೇಳುವುದು ಸುಳ್ಳಲ್ಲ.

ಬಿಸಿಲು ಇಳಿಯುವ ಹೊತ್ತಿಗೆ ಈರಪ್ಪ ತಗ್ಗಿನ ಪುಡಿಯನ್ನು ಬಾಯಿಂದ ಊದಿ, ನೀರು ಹಾಕಿ ತೊಳೆದು ಎದ್ದ. ಹನುಮವ್ವ ಹೋಗಿ ಮೊದಲ ತಗ್ಗಿನಲ್ಲಿ ಬೆರಳಿಟ್ಟಳು. ನಾನು ಅವಳ ಬೆರಳಿನ ಜೊತೆ ಓದಿದೆ: ಅಂ, ಬಿ, ಗ. ಅವಳು ಸೆರಗಿನಿಂದ ಆ ತಗ್ಗನ್ನು ಒರೆಸಿ ಹಿಂದೆ ಸರಿದಳು.

ಇನ್ನು ಮುಸುಕು ತೆಗೆಯುವುದಕ್ಕೆ ಅರ್ಥವೇ ಉಳಿದಿರಲಿಲ್ಲ, ಎಲ್ಲರೂ ಇಡೀ ದಿನ ಅದನ್ನೇ ನೋಡಿದ್ದರು. ಆದರೂ ಮತ್ತೆ ಬಟ್ಟೆ ಹೊದಿಸಿ ಮತ್ತೆ ತೆಗೆದರು. ಸಾಹೇಬರು ಕಲ್ಲಿನೆದುರು ನೆಟ್ಟಗೆ ನಿಂತು ಹೆಸರುಗಳನ್ನು ತಾವೇ ಕನ್ನಡದಲ್ಲಿ ಓದುವೆನೆಂದರು. ನಾನು ಅವರ ಕೈಗೆ ಉರ್ದು ಲಿಪಿಯಲ್ಲಿ ಬರೆದುಕೊಟ್ಟೆ, ಕೊನೆಯ ಅಕ್ಷರವನ್ನು ಎರಡು ಸಲ ನೋಡಿಕೊಂಡು. ಅವರಿಗೆ ಕನ್ನಡದ ಧಾಟಿ ಹಿಡಿತಕ್ಕೆ ಬರಲಿಲ್ಲ. ಹೆಸರಿನ ಕೊನೆಗೆ ದನಿ ಮೇಲೇರಿ, ಸಾಲೆಯಲ್ಲಿ ಮಾಸ್ತರರು ಹಾಜರಿ ಕೂಗಿದಂತಾಯಿತು.

“ಅಂಬಿಗ ಯಂಕೋಬ?”

ಹನುಮವ್ವ ಅದನ್ನು ಪ್ರಶ್ನೆಯೆಂದೇ ತಿಳಿದಳು.

“ಅದಾನ.”

ಸಾಹೇಬರು ಅವಳನ್ನು ತಿದ್ದಲಿಲ್ಲ. ದನಿಯನ್ನು ಹಾಗೆಯೇ ಇಟ್ಟುಕೊಂಡು ಮುಂದಿನ ಹೆಸರು ಓದಿದರು. ಕಲ್ಲಿನ ಮೇಲೆ ಎರಡನೆಯದು ದುರುಗಪ್ಪನದು. ನನ್ನ ನೆನಪಿನಲ್ಲಿ ಅವರು ಆಗ ಓದಿದ್ದು ಖಾಸೀಮನದು. ಇಲ್ಲಿ ನನ್ನ ನೆನಪನ್ನು ನಾನು ತಿದ್ದಲಾರೆ.

“ಅಂಬಿಗ ಖಾಸೀಮ?”

“ಅದಾನ,” ಎಂದರು ಇಮಾಮಸಾಬರು. ಇಡೀ ದಂಡೆಗೆ ಕೇಳುವ ಹಾಗೆ, ಬಾಂಗು ಕೊಡುವ ಕಂಠದಲ್ಲಿ.

“ಅಂಬಿಗ ದುರುಗಪ್ಪ?”

ಅವನಿಗೆ ಯಾರೂ ಇರಲಿಲ್ಲ. ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆಮೇಲೆ ಅವನಿಗೆ ಉಣ್ಣಲು ಇಕ್ಕಿದ್ದ ಹೆಂಗಸರೆಲ್ಲ ಒಟ್ಟಿಗೆ, ಅವರ ಹಿಂದೆ ಗಂಡಸರು, ಹರಿಗೋಲುಗಳಲ್ಲಿ ನಿಂತಿದ್ದ ಮೇಲಿನ ಊರುಗಳ ಅಂಬಿಗರು, ಧೂಳು ಮೆತ್ತಿದ್ದ ಈರಪ್ಪ, ಶೇರವಾನಿಯೊಳಗೆ ಬೆವರುತ್ತಿದ್ದ ನಾನು, ಎಲ್ಲರೂ ಒಂದೇ ಬಾಯಿಯಾಗಿ ಕೂಗಿದೆವು.

“ಅದಾನ.”